ಎರೆ ಮಣ್ಣು, ಸವಳು ನೀರು, ಉರಿ ಬಿಸಿಲು: ವಿಜಯಪುರದ ಅಂಗಳಕ್ಕೆ ಯಾವ ಗಿಡ ಒಳ್ಳೆಯದು?

"ನೀರು ಕಡಿಮೆ ಬೇಕು, ಹೂ ಚೆಂದ ಇರಬೇಕು, ಅಂಥ ಗಿಡ ಕೊಡಿ." ವಿಜಯಪುರದ ಯಾವ ನರ್ಸರಿಗೆ ಹೋದರೂ ಕಿವಿಗೆ ಬೀಳುವ ಮಾತಿದು. ನರ್ಸರಿಯವರು ಬೋಗನ್‌ವಿಲ್ಲಾ, ಅಡೇನಿಯಂ, ದೇವಕಣಗಿಲೆ ತೋರಿಸುತ್ತಾರೆ. ಎಲ್ಲವೂ ಬರ ತಡೆಯುವ ಗಿಡಗಳೇ, ಸುಳ್ಳೇನಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಮುಂದಿನ ವರ್ಷಕ್ಕೆ ಅರ್ಧ ಗಿಡ ಉಳಿದಿರುವುದಿಲ್ಲ. "ನಮ್ಮೂರ ಬಿಸಿಲು ತಾಳಲಿಲ್ಲ" ಎಂದು ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಗಿಡ ಯಾವ ತಿಂಗಳು ಹೋಯಿತು ಎಂದು ಕೇಳಿ ನೋಡಿ. ಏಪ್ರಿಲ್, ಮೇ ಎನ್ನುವವರು ಇದ್ದಾರೆ. ಸೆಪ್ಟೆಂಬರ್ ಎನ್ನುವವರೂ ಕಡಿಮೆಯೇನಿಲ್ಲ.

ನಮ್ಮಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಬೆಳಗಾವಿ ಊರಿಗೆ ಬೀಳುವುದರ ಅರ್ಧ. ಜೂನ್, ಜುಲೈ ಮೋಡ ತೋರಿಸಿ ಹೋಗುತ್ತವೆ. ಜೋರು ಮಳೆ ಬರುವುದು ಸೆಪ್ಟೆಂಬರಿನಲ್ಲಿ, ಉತ್ತರಾ ಮಳೆಯಲ್ಲಿ. ಆಗ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲನ್ನು ನಿಂತು ಎದುರಿಸಿದ ಅಡೇನಿಯಂ ಈ ಎರಡು ವಾರಗಳಲ್ಲಿ ಬುಡದಿಂದ ಕೊಳೆಯುತ್ತದೆ. ಇದರ ಜೊತೆಗೆ ಬೋರಿನ ಸವಳು ನೀರು ಬೇರೆ. ಹೀಗೆ ನಮ್ಮ ಗಿಡ ಮೂರು ಪರೀಕ್ಷೆ ಪಾಸಾಗಬೇಕು: ಬಿಸಿಲು, ನಿಂತ ನೀರು, ಉಪ್ಪು. "ಬರ ತಡೆಯುತ್ತದೆ" ಎಂಬ ಮಾತು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೆಳಗಿನ ಹೋಲಿಕೆಯನ್ನೆಲ್ಲ ಈ ಮೂರನ್ನೂ ಇಟ್ಟುಕೊಂಡೇ ಮಾಡಿದ್ದೇನೆ.

ಮೊದಲು ನೆಲ, ಆಮೇಲೆ ನರ್ಸರಿ

ನಿಮ್ಮ ಅಂಗಳದಲ್ಲಿ ಇರುವುದು ಎರೆಯೋ (ಜಿಗುಟಾದ ಕಪ್ಪು ಮಣ್ಣು), ಮಸಾರಿಯೋ (ಕೆಂಪು ಮಣ್ಣು), ಗರಸೋ (ಕಲ್ಲು ಬೆರೆತ ಒರಟು ಮಣ್ಣು) ಎಂದು ತಿಳಿಯದೆ ಗಿಡ ತರಬೇಡಿ. ಹೊಸ ಲೇಔಟ್‌ಗಳಲ್ಲಿ ಇದು ಕಣ್ಣಿಗೆ ಮೋಸ ಮಾಡುತ್ತದೆ. ಮೇಲೆ ಅರ್ಧ ಅಡಿ ಗರಸು ಹಾಕಿ ರೋಲರ್ ಹೊಡೆದಿರುತ್ತಾರೆ, ಕೆಳಗೆ ಅಪ್ಪಟ ಎರೆ ಇರುತ್ತದೆ. ಒಂದು ಅಡಿ ಆಳದ ಗುಂಡಿ ತೋಡಿ, ಸಂಜೆ ಅದರ ತುಂಬ ನೀರು ಹಾಕಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಮರುದಿನ ಬೆಳಿಗ್ಗೆ ಗುಂಡಿ ಖಾಲಿ ಇದ್ದರೆ ನಿಮಗೆ ಆಯ್ಕೆ ಬಹಳ. ಇನ್ನೂ ನೀರು ನಿಂತಿದ್ದರೆ ಆಯ್ಕೆ ಕಡಿಮೆ, ಇಲ್ಲವೇ ನೆಲ ಎತ್ತರಿಸಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. "ಎರಡು ಅಡಿ ಗುಂಡಿ ತೋಡಿ, ಎರೆ ತೆಗೆದು ಹಾಕಿ, ಕೆಂಪು ಮಣ್ಣು, ಗೊಬ್ಬರ ತುಂಬಿ" ಎಂದು ಎಲ್ಲರೂ ಹೇಳುತ್ತಾರೆ. ಎರೆ ನೆಲದಲ್ಲಿ ಹೀಗೆ ಮಾಡಿದರೆ ಆ ಗುಂಡಿ ಒಂದು ಹೌದ, ಅಂದರೆ ನೀರಿನ ತೊಟ್ಟಿ, ಆಗಿಬಿಡುತ್ತದೆ. ಸುತ್ತಲಿನ ಎರೆ ನೀರು ಬಿಡುವುದಿಲ್ಲ, ಒಳಗಿನ ಸಡಿಲ ಮಣ್ಣಿಗೆ ನೀರು ಬಂದು ಸೇರುತ್ತದೆ, ಹೋಗಲು ದಾರಿ ಇಲ್ಲ. ಅದರ ಬದಲು ನೆಲದ ಮೇಲೆ ಒಂದರಿಂದ ಒಂದೂವರೆ ಅಡಿ ದಿಬ್ಬ ಮಾಡಿ. ಇದ್ದ ಮಣ್ಣು, ಗರಸು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಲಸಿ ಏರಿಸಿ, ಸುತ್ತ ಕಲ್ಲು ಜೋಡಿಸಿದರೆ ನೋಡಲೂ ಚೆಂದ. ಖರ್ಚೂ ಜಾಸ್ತಿ ಇಲ್ಲ, ಹಳೆ ಮನೆ ಕೆಡವಿದ ಕಲ್ಲು ನಮ್ಮೂರಲ್ಲಿ ಸಿಗದೆ ಏನು?

ನೀರನ್ನೂ ಒಮ್ಮೆ ನೋಡಿ. ಕುಂಡದ ಹೊರಮೈಗೆ, ನಲ್ಲಿಯ ಬಾಯಿಗೆ ಬಿಳಿ ಪುಡಿ ಕಟ್ಟುತ್ತಿದ್ದರೆ ಅದು ಸುಣ್ಣ ಮತ್ತು ಉಪ್ಪು. ಎಲೆಯ ಅಂಚು ಸುಟ್ಟಂತೆ ಕಂದಾಗುತ್ತಾ ಬಂದರೆ ಅದೂ ಉಪ್ಪಿನ ಗುರುತು. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಬೇರೆ ಕಥೆ. ಸುಣ್ಣದಂಶ ಹೆಚ್ಚಿದ ನೆಲದಲ್ಲಿ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಇಕ್ಸೋರಾ ಅಂದರೆ ಕೇಪಳ, ಗಾರ್ಡೇನಿಯಾ ಇವೆರಡೂ ನಮ್ಮಲ್ಲಿ ಹೀಗೆ ಬಿಳಿಚಿಕೊಳ್ಳುತ್ತವೆ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿ, ಸಿಂಪಡಿಸಿ ಉಳಿಸಿಕೊಳ್ಳಬಹುದು, ಆದರೆ ಅದು ಪ್ರತಿ ವರ್ಷದ ಚಾಕರಿ. ಕರಾವಳಿಯ ನೆಂಟರ ಮನೆಯಲ್ಲಿ ಕೇಪಳ ಕಂಡು ಆಸೆಪಟ್ಟು ತರುವವರಿಗೆ ಇದು ಮೊದಲೇ ಗೊತ್ತಿರಲಿ.

ಕಂಪೌಂಡಿಗೆ ಬಣ್ಣ: ಬೋಗನ್‌ವಿಲ್ಲಾ, ಕಣಗಿಲೆ, ಟೆಕೋಮಾ

ಹೆಚ್ಚಿನವರ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಗೇಟಿನ ಪಕ್ಕ ವರ್ಷವಿಡೀ ಬಣ್ಣ ಬೇಕು, ನೀರು ವಾರಕ್ಕೊಮ್ಮೆಗಿಂತ ಹೆಚ್ಚು ಕೊಡಲು ಆಗುವುದಿಲ್ಲ.

ಬೋಗನ್‌ವಿಲ್ಲಾದ ಚೆಲುವಿಗೆ ಸಾಟಿ ಇಲ್ಲ. ನಾವು ಹೂವೆಂದು ಕರೆಯುವ ಬಣ್ಣದ ಭಾಗ ಅಸಲಿಗೆ ಎಲೆಯೇ. ಒಂದನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿ. ಮೂರು ಬಣ್ಣದ ಹಾಳೆಗಳ ನಡುವೆ ತೆಳ್ಳನೆ ಕೊಳವೆಯಂಥ ಪುಟ್ಟ ಬಿಳಿ ಹೂ ಇರುತ್ತದೆ. ಹಾಳೆಯ ಮೇಲೆ ಎಲೆಯ ಮೇಲಿದ್ದಂತೆಯೇ ನರಗಳು ಕಾಣುತ್ತವೆ. ಎಲೆಯಾದ್ದರಿಂದಲೇ ಬಣ್ಣ ವಾರಗಟ್ಟಲೆ ನಿಲ್ಲುತ್ತದೆ. ಈ ಗಿಡಕ್ಕೆ ಸ್ವಲ್ಪ ನೀರಿನ ಕೊರತೆಯಾದರೆ ಹೂ ಜಾಸ್ತಿ. ದಿನಾ ನೀರು, ಮೇಲಿಂದ ಯೂರಿಯಾ ಕೊಟ್ಟರೆ ಬರೀ ಹಸಿರು ಬಳ್ಳಿ ಚಾಚುತ್ತದೆ. ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೇಕೇ ಬೇಕು. ಎರಡು ಮಹಡಿ ಮನೆಯ ನೆರಳು ಬೀಳುವ ಕಡೆ ನೆಟ್ಟು "ಹೂ ಬಿಡ್ತಿಲ್ಲ" ಎಂದರೆ ಗಿಡದ ತಪ್ಪಲ್ಲ.

ತಳಿಯಲ್ಲೂ ವ್ಯತ್ಯಾಸ ಇದೆ. 'ಮೇರಿ ಪಾಮರ್' ಒಂದೇ ಗಿಡದಲ್ಲಿ ಬಿಳಿ ಮತ್ತು ರಾಣಿ ಬಣ್ಣ ಎರಡೂ ಕೊಡುತ್ತದೆ. 'ತಿಮ್ಮ' ಕೂಡ ಹಾಗೆಯೇ, ಜೊತೆಗೆ ಎಲೆಯ ಮೇಲೆ ಹಳದಿ ಮಚ್ಚೆ. ಹೂ ಇಲ್ಲದಾಗಲೂ ಗಿಡ ಚೆಂದ ಕಾಣಬೇಕೆಂದರೆ ನನ್ನ ಮತ ಇದಕ್ಕೆ. 'ಮಹಾರಾ' ಗುಂಪಿನ ಡಬಲ್ ಹೂವಿನವು ಗೊಂಚಲು ಗೊಂಚಲಾಗಿ ಕಣ್ಣಿಗೆ ಹಬ್ಬ. ಆದರೆ ಒಣಗಿದ ಹೂ ತಾನಾಗಿ ಉದುರುವುದಿಲ್ಲ, ಕಂದು ಗೊಂಚಲು ಗಿಡದಲ್ಲೇ ನೇತಾಡುತ್ತದೆ. ಕತ್ತರಿ ಹಿಡಿಯಲು ಬೇಸರ ಇರುವವರು ಒಂಟಿ ಹಾಳೆಯ ತಳಿಯನ್ನೇ ತರಲಿ.

ಇನ್ನು ಅದರ ದೌರ್ಬಲ್ಯ. ನಿಂತ ನೀರನ್ನು ಬೋಗನ್‌ವಿಲ್ಲಾ ಸಹಿಸುವುದಿಲ್ಲ, ಮಳೆಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ. ಬೇರು ಬಲು ನಾಜೂಕು. ನೆಡುವಾಗ ಕಪ್ಪು ಚೀಲವನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಗಡ್ಡೆ ಒಡೆಯದಂತೆ ಇಳಿಸಬೇಕು. ಮುಳ್ಳು ಇರುವುದರಿಂದ ಮಕ್ಕಳು ಸೈಕಲ್ ತಿರುಗಿಸುವ ಮೂಲೆ ಬೇಡ.

ಕಣಗಿಲೆಗೆ ಇಷ್ಟು ಹೆಸರಿಲ್ಲ. ಹೆದ್ದಾರಿಯ ನಡುಪಟ್ಟಿಯ ಗಿಡ ಎಂದು ಜನ ಮೂಗು ಮುರಿಯುತ್ತಾರೆ. ನನ್ನ ಲೆಕ್ಕದಲ್ಲಿ ಎರೆ ಮಣ್ಣಿನ ಮನೆಗೆ ಇದಕ್ಕಿಂತ ನಂಬಿಕಸ್ಥ ಹೂಗಿಡ ಮತ್ತೊಂದಿಲ್ಲ. ಒಣ ಹಳ್ಳಗಳ ದಂಡೆಯಲ್ಲಿ ಹುಟ್ಟಿ ಬೆಳೆದ ಜಾತಿ ಇದು. ತಿಂಗಳುಗಟ್ಟಲೆ ಒಣಗಿದ ನೆಲವನ್ನೂ ನೋಡಿದೆ, ನಾಲ್ಕು ದಿನ ಹರಿಯುವ ನೀರನ್ನೂ ನೋಡಿದೆ. ಹಾಗಾಗಿ ಮೇ ತಿಂಗಳನ್ನೂ ತಡೆಯುತ್ತದೆ, ಸೆಪ್ಟೆಂಬರನ್ನೂ ತಡೆಯುತ್ತದೆ. ಸವಳು ನೀರಿಗೂ ಜಗ್ಗುವುದಿಲ್ಲ. ಮೂರೂ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುವ ಗಿಡ ಬಹಳ ಇಲ್ಲ. ಬಿಳಿ, ಗುಲಾಬಿ, ಕೆಂಪು ಬಣ್ಣ ಇವೆ, ಕುಳ್ಳ ತಳಿಯೂ ಸಿಗುತ್ತದೆ. ಆಡು, ದನ ಮುಟ್ಟುವುದಿಲ್ಲ, ಕಂಪೌಂಡಿನ ಹೊರಗೂ ನೆಡಬಹುದು.

ದನ ಮುಟ್ಟದಿರುವುದಕ್ಕೆ ಕಾರಣ ಇದೆ. ಕಣಗಿಲೆಯ ಬೇರು, ಎಲೆ, ಹೂ, ಹಾಲು ಎಲ್ಲವೂ ವಿಷ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗು ಮನೆಯಲ್ಲಿದ್ದರೆ, ಗಿಡ ಕಚ್ಚುವ ನಾಯಿ ಇದ್ದರೆ ಇದನ್ನು ತರಲೇಬೇಡಿ. ಕತ್ತರಿಸಿದ ಕಡ್ಡಿಯನ್ನು ಒಲೆಗೆ, ಬಚ್ಚಲ ಹಂಡೆಗೆ ಹಾಕಬಾರದು, ಹೊಗೆಯೂ ಕೆಟ್ಟದ್ದು. ಹಳದಿ ಕಣಗಿಲೆ ಎಂದು ಮಾರುವ ಗಿಡದ ಕಾಯಿ ಇನ್ನೂ ಅಪಾಯ, ಅದನ್ನು ಮನೆಗೆ ಬೇಡವೆಂದೇ ಹೇಳುತ್ತೇನೆ.

ಇವೆರಡರ ನಡುವಿನ ಆಯ್ಕೆ ಟೆಕೋಮಾ. ಹಳದಿ ಗಂಟೆಯಂಥ ಹೂ, ಬೇಗ ಬೆಳೆಯುತ್ತದೆ, ಮುಳ್ಳಿಲ್ಲ. ಸುಣ್ಣದ ನೆಲಕ್ಕೆ ಹೊಂದಿಕೊಳ್ಳುತ್ತದೆ. ನೆಟ್ಟ ವರ್ಷವೇ ಹೂ ಕಾಣುವ ಆತುರ ಇರುವವರಿಗೆ ಸರಿ. ಒಂದು ಕೆಲಸ ಮಾತ್ರ ತಪ್ಪಬಾರದು. ಹೂ ಮುಗಿದ ಮೇಲೆ ಉದ್ದನೆ ಕಾಯಿ ಕಟ್ಟುತ್ತದೆ, ಒಣಗುವ ಮೊದಲೇ ಕತ್ತರಿಸಿ. ಬಿಟ್ಟರೆ ರೆಕ್ಕೆಯ ಬೀಜ ಹಾರಿ ಬೀದಿಯ ತುಂಬ ಸಸಿ ಏಳುತ್ತವೆ.

ಹೋಲಿಸಿ ಹೇಳುವುದಾದರೆ, ಗರಸು ನೆಲ ಅಥವಾ ಎತ್ತರದ ದಿಬ್ಬ, ತುಂಬು ಬಿಸಿಲು ಇದ್ದವರಿಗೆ ಬೋಗನ್‌ವಿಲ್ಲಾ. ಎರೆ ನೆಲ, ಬೋರಿನ ನೀರು, ಮಕ್ಕಳು ದೊಡ್ಡವರಾದ ಮನೆ ಆದರೆ ಕಣ್ಣು ಮುಚ್ಚಿ ಕಣಗಿಲೆ. ಚಿಕ್ಕ ಮಕ್ಕಳಿರುವ ಮನೆಗೆ ಟೆಕೋಮಾ. ದಾಸವಾಳವನ್ನು ಈ ಸಾಲಿಗೆ ಸೇರಿಸಿಲ್ಲ. ಪೂಜೆಗೆ ಬೇಕು ಎಂದರೆ ಒಂದು ಇರಲಿ. ಆದರೆ ಏಪ್ರಿಲ್‌ನಲ್ಲಿ ನೀರು ತಪ್ಪಿದರೆ ಮೊಗ್ಗು ಉದುರುತ್ತದೆ, ಹಿಟ್ಟಿನಂಥ ಬಿಳಿ ತಿಗಣೆ ಹತ್ತುತ್ತದೆ.

ಪುಟ್ಟ ಮರ ಬೇಕೆನ್ನುವವರಿಗೆ

ಮೂವತ್ತು-ನಲವತ್ತರ ಸೈಟಿನಲ್ಲಿ ಬೇವು, ಹೊಂಗೆ ಒಳಗೆ ಬೇಡ. ಎರಡೂ ನಮ್ಮ ನೆಲದ ಮಕ್ಕಳೇ, ಬೀದಿ ಬದಿಗೆ ನೆಡಿ, ಊರಿಗೇ ನೆರಳು. ಕಂಪೌಂಡಿನ ಒಳಗೆ ದೇವಕಣಗಿಲೆ ಮೇಲು. ಬೇರು ಗೋಡೆ ಒಡೆಯುವುದಿಲ್ಲ, ಕೊಂಬೆ ತಂತಿಗೆ ತಾಗುವಷ್ಟು ಎತ್ತರವೂ ಹೋಗುವುದು ಕಡಿಮೆ.

ಆದರೆ ದೇವಕಣಗಿಲೆಯಲ್ಲಿ ಎರಡು ಬಗೆ, ನರ್ಸರಿಯಲ್ಲಿ ಎರಡಕ್ಕೂ ಒಂದೇ ಹೆಸರು. ಎಲೆಯ ತುದಿ ನೋಡಿ. ತುದಿ ಚೂಪಾಗಿದ್ದರೆ ಅದು ಹಳೆಯ ಬಗೆ. ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿಸಿ ಬೋಳು ಕೊಂಬೆಯಲ್ಲಿ ನಿಲ್ಲುತ್ತದೆ, ಹೂವಿನಲ್ಲಿ ಕೆಂಪು, ಗುಲಾಬಿ, ಹಳದಿ ಛಾಯೆಗಳೆಲ್ಲ ಸಿಗುತ್ತವೆ, ಪರಿಮಳ ಗಾಢ. ತುದಿ ದುಂಡಗಿದ್ದು ಎಲೆ ಕಡು ಹಸಿರಾಗಿ ಮಿರುಗುತ್ತಿದ್ದರೆ ಅದು ಸದಾ ಹಸಿರಿರುವ ಬಗೆ, ಬಿಳಿ ಹೂ. ವರ್ಷವಿಡೀ ಹಸಿರು ಕಾಣಬೇಕೆಂದರೆ ದುಂಡು ಎಲೆಯದು. ನೀರು ನಿಜವಾಗಿ ಕಡಿಮೆ ಇದ್ದರೆ ಚೂಪು ಎಲೆಯದೇ ಸರಿ, ಎಲೆ ಉದುರಿದ ಮೇಲೆ ಅದಕ್ಕೆ ನೀರಿನ ಹಂಗೇ ಇರುವುದಿಲ್ಲ. ಮಳೆಗಾಲದಲ್ಲಿ ಎಲೆಯ ಅಡಿಗೆ ಕಿತ್ತಳೆ ಬಣ್ಣದ ಪುಡಿ ಕಂಡರೆ ತುಕ್ಕು ರೋಗ. ಉದುರಿದ ಎಲೆ ಗುಡಿಸಿ ದೂರ ಹಾಕಿದರೆ ಹತೋಟಿಗೆ ಬರುತ್ತದೆ. ದುಡ್ಡು ಕೊಟ್ಟು ತರುವ ಅಗತ್ಯವೂ ಇಲ್ಲ. ಪರಿಚಯದವರ ಮನೆಯಿಂದ ಒಂದೂವರೆ ಅಡಿ ಕೊಂಬೆ ತಂದು, ವಾರ ನೆರಳಲ್ಲಿ ಒಣಗಿಸಿ, ಹಾಲು ಸೋರುವುದು ಪೂರ್ತಿ ನಿಂತ ಮೇಲೆ ಗರಸು ಮಣ್ಣಲ್ಲಿ ಊರಿ. ಹಸಿ ಕೊಂಬೆ ಊರಿದರೆ ಕೊಳೆಯುತ್ತದೆ. ಎರೆ ನೆಲದವರು ದಿಬ್ಬದ ಮೇಲೆಯೇ ನೆಡಬೇಕು.

ಕಕ್ಕೆ ಮರ ಏಪ್ರಿಲ್-ಮೇನಲ್ಲಿ ಮೈತುಂಬ ಹಳದಿ ಗೊಂಚಲು ಇಳಿಬಿಡುವುದನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಜಾಗ ಇದ್ದವರಿಗೆ ಮಾತ್ರ. ಬೆಳವಣಿಗೆ ನಿಧಾನ, ತಾಳ್ಮೆ ಬೇಕು.

ನಮ್ಮದೇ ನೆಲದ ತಂಗಡಿ

ಇದನ್ನು ನರ್ಸರಿಯಲ್ಲಿ ಕೇಳಿದರೆ ಆಶ್ಚರ್ಯದಿಂದ ನೋಡುತ್ತಾರೆ. ತಂಗಡಿ, ಆವರಿಕೆ ಎಂದೂ ಕರೆಯುತ್ತಾರೆ. ರಸ್ತೆ ಬದಿಯ ಗರಸಿನ ದಿನ್ನೆಗಳಲ್ಲಿ ಯಾರೂ ನೀರು ಹಾಕದೆ ಬಂಗಾರದ ಬಣ್ಣಕ್ಕೆ ಹೂ ಬಿಟ್ಟು ನಿಂತಿರುವ ಗಿಡ ಅದೇ. ಪಕ್ಕದ ತೆಲಂಗಾಣ ಇದನ್ನು ರಾಜ್ಯದ ಹೂವು ಮಾಡಿಕೊಂಡಿದೆ, ಬತುಕಮ್ಮ ಹಬ್ಬದಲ್ಲಿ ಪೇರಿಸಿ ಪೂಜಿಸುತ್ತಾರೆ. ನಾವು ಅದನ್ನೇ ಕಡಿದು ಹಾಕಿ ದೂರದ ಊರಿನ ಗಿಡಕ್ಕೆ ಟ್ಯಾಂಕರ್ ನೀರು ಹಾಕುತ್ತೇವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಇದರ ಜೊತೆ ಹೋಲಿಸಬೇಕಾದ್ದು ರತ್ನಗಂಧಿ. ಕೆಂಪು-ಹಳದಿ ಬಣ್ಣ, ಹೊರಗೆ ಚಾಚಿದ ಉದ್ದ ಕೇಸರ, ಚಿಟ್ಟೆಗಳಿಗೆ ಬಲು ಇಷ್ಟ. ನೋಡಲು ರತ್ನಗಂಧಿಯೇ ಮುಂದು, ನರ್ಸರಿಯಲ್ಲೂ ಸುಲಭವಾಗಿ ಸಿಗುತ್ತದೆ. ಚಳಿ ಮುಗಿದ ಮೇಲೆ ಮಂಡಿಯೆತ್ತರಕ್ಕೆ ಕತ್ತರಿಸಿದರೆ ಹೊಸ ಚಿಗುರಲ್ಲಿ ತುಂಬಿ ಹೂ ಬಿಡುತ್ತದೆ. ತಂಗಡಿಗೆ ಆಳದ ತಾಯಿಬೇರು, ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಬೀಜವನ್ನೇ ತಂದು, ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿ, ಇರಬೇಕಾದ ಜಾಗದಲ್ಲೇ ಊರಬೇಕು. ಅಷ್ಟು ಮಾಡಿದರೆ ಆಮೇಲೆ ಅದು ನಿಮ್ಮನ್ನು ಏನೂ ಕೇಳುವುದಿಲ್ಲ. ಆಡೂ ಮೇಯುವುದಿಲ್ಲ. ಸೈಟಿನ ಹಿಂದಿನ ಒಣ ಮೂಲೆಗೆ ತಂಗಡಿ, ಮುಂದಿನ ಬಾಗಿಲ ಬದಿಗೆ ರತ್ನಗಂಧಿ ಎನ್ನುವುದು ನನ್ನ ಸಲಹೆ.

ನೆಲ ಮುಚ್ಚಲು: ಹುಲ್ಲುಹಾಸಿನ ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ನಮ್ಮ ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ಹುಲ್ಲಿಗೆ ದಿನಕ್ಕೆ 45-50 ಲೀಟರ್ ಆಯಿತು. ತಿಂಗಳಿಗೆ ಹತ್ತಿರ ಹತ್ತಿರ 1,400 ಲೀಟರ್. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಓಣಿಗಳಿರುವ ಊರಲ್ಲಿ ಇದು ಯಾಕೆ ಬೇಕು, ಅಲ್ವಾ?

ಹುಲ್ಲು ಬೇಕೇ ಬೇಕು ಎನ್ನುವವರು ಮೆಕ್ಸಿಕನ್ ಹುಲ್ಲಿನ ಬದಲು ಗರಿಕೆ ಹಾಕಿಸಿ. ನಮ್ಮ ಕಡೆ ಕರಿಕಿ ಎನ್ನುವ ಅದೇ ಹುಲ್ಲು. ಬೇಸಿಗೆಯಲ್ಲಿ ಕಂದಾಗಿ ಮಲಗುತ್ತದೆ, ಸತ್ತಿರುವುದಿಲ್ಲ. ಮೊದಲ ಮಳೆಗೆ ಎದ್ದು ಬರುತ್ತದೆ. ಎರಡು ತಿಂಗಳು ಕಂದು ನೆಲ ನೋಡಲು ಮನಸ್ಸು ಒಪ್ಪಿದರೆ ನೀರೇ ಬೇಡ, ಗಣಪತಿಗೆ ಗರಿಕೆಯೂ ಮನೆಯಲ್ಲೇ.

ಹೂ ಬೇಕೆಂದರೆ ಟೇಬಲ್ ರೋಸ್ ಮತ್ತು ನಿತ್ಯಪುಷ್ಪ ನಡುವೆ ಆಯ್ಕೆ. ಟೇಬಲ್ ರೋಸ್ ಬಿಸಿಲೇರಿದ ಮೇಲೆ ಅರಳಿ ಮಧ್ಯಾಹ್ನ ದಾಟುತ್ತಲೇ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವರಿಗೆ ಹೂ ಕಾಣುವುದು ರವಿವಾರ ಮಾತ್ರ. ಮನೆಯಲ್ಲೇ ಇರುವ ಹಿರಿಯರಿಗೆ ಮಾತ್ರ ದಿನಾ ರಂಗೋಲಿ. ದಪ್ಪ ಎಲೆಯಲ್ಲಿ ನೀರು ಕೂಡಿಡುತ್ತದೆ, ಉಪ್ಪು ನೀರಿಗೂ ಅಂಜುವುದಿಲ್ಲ. ನಿತ್ಯಪುಷ್ಪ ಹಗಲಿಡೀ ಅರಳಿರುತ್ತದೆ, ನಾಲ್ಕು ದಿನ ನೀರಿಲ್ಲದಿದ್ದರೂ ಸಂಜೆಗೆ ತಲೆ ಎತ್ತುತ್ತದೆ. ಎರಡಕ್ಕೂ ನಿಂತ ನೀರು ಆಗುವುದಿಲ್ಲ. ನಿತ್ಯಪುಷ್ಪವಂತೂ ಎರೆಯಲ್ಲಿ ಒಂದೇ ವಾರದ ಜಡಿಮಳೆಗೆ ಕರಗಿಬಿಡುತ್ತದೆ. ಅದಕ್ಕೆ ಅರ್ಧ ಅಡಿ ಎತ್ತರಿಸಿದ ಪಾತಿ ಸಾಕು. ಹೈಬ್ರಿಡ್ ಬಣ್ಣಗಳಿಗಿಂತ ಹಿತ್ತಲಲ್ಲಿ ತಾನಾಗಿ ಹುಟ್ಟುವ ಗುಲಾಬಿ-ಬಿಳಿ ನಾಟಿ ಬಗೆ ಗಟ್ಟಿ.

ಪೂರ್ತಿ ಫರ್ಸಿ ಹಾಸಿಬಿಡೋಣ ಎನ್ನುವವರಿಗೆ ಒಂದು ಮಾತು. ಹಗಲು ಕುಡಿದ ಬಿಸಿಲನ್ನು ಕಲ್ಲು ರಾತ್ರಿ ಮನೆಗೇ ಬಿಡುತ್ತದೆ. ನಡೆಯುವ ದಾರಿಗೆ ಮಾತ್ರ ಫರ್ಸಿ ಇರಲಿ, ಸಂದುಗಳಲ್ಲಿ ಟೇಬಲ್ ರೋಸ್ ಚುಚ್ಚಿ.

ಬೇಲಿಗೆ

ಕೊನೊಕಾರ್ಪಸ್ ಬೇಡ. ಬೇಗ ಎತ್ತರ ಬರುತ್ತದೆ, ಸದಾ ಹಸಿರು, ಉಪ್ಪು ತಡೆಯುತ್ತದೆ, ಎಲ್ಲ ನಿಜ. ಆದರೆ ಬೇರು ನೀರು ಹುಡುಕಿಕೊಂಡು ಪೈಪು, ಚರಂಡಿಗೆ ನುಗ್ಗುತ್ತದೆ, ಪರಾಗದಿಂದ ಅಲರ್ಜಿ ಆಗುತ್ತದೆಂಬ ದೂರೂ ಇದೆ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ಹಳದಿ ಎಲೆಯ ಡುರಾಂಟ ನಮ್ಮ ಏಪ್ರಿಲ್‌ನಲ್ಲಿ ಅಂಚು ಸುಟ್ಟುಕೊಳ್ಳುತ್ತದೆ, ನೀರೂ ಹೆಚ್ಚು ಕೇಳುತ್ತದೆ.

ಉಳಿದದ್ದು ಮದರಂಗಿ ಮತ್ತು ಬಂದರಿಕೆ. ಮದರಂಗಿ ಬೇಲಿ ಹಳೆಯ ಮನೆಗಳಲ್ಲಿ ಈಗಲೂ ಇದೆ. ಕೆನೆ ಬಣ್ಣದ ಸಣ್ಣ ಹೂವಿನ ವಾಸನೆ ಸಂಜೆ ಓಣಿಯವರೆಗೂ ಬರುತ್ತದೆ, ಮಗಳ ಮದುವೆಗೆ ಎಲೆಯೂ ಆಯಿತು. ಚಿಕ್ಕದಿರುವಾಗಲೇ ಒಂದಡಿಗೆ ಕತ್ತರಿಸುತ್ತಾ ಬಂದರೆ ಬುಡದಿಂದ ತುಂಬಿಕೊಳ್ಳುತ್ತದೆ, ಇಲ್ಲದಿದ್ದರೆ ಕೆಳಗೆ ಬೋಳು. ಬಂದರಿಕೆ ನಮ್ಮ ಕುರುಚಲು ಕಾಡಿನ ಗಿಡ. ಅಂಟಂಟು ಎಲೆ, ಆಡು ಬಾಯಿ ಹಾಕುವುದಿಲ್ಲ, ತೆಳು ರೆಕ್ಕೆಯ ಕಾಯಿ ಕೆಂಪಾದಾಗ ಹೂವಿನ ಹಾಗೆಯೇ ಕಾಣುತ್ತದೆ. ಗರಸು ನೆಲಕ್ಕೆ ಬಂದರಿಕೆ, ಒಳಗಿನ ಬೇಲಿಗೆ ಮದರಂಗಿ.

ಮಾಳಿಗೆಯ ಕುಂಡಗಳು

ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಮೇ ಮಧ್ಯಾಹ್ನ ಮುಟ್ಟಿ ನೋಡಿ, ಕೈ ಇಡಲು ಆಗುವುದಿಲ್ಲ. ಒಳಗಿನ ಬೇರಿನ ಗತಿ ಏನು? ಮಣ್ಣಿನ ಕುಂಡ ನೀರು ಬೇಗ ಕುಡಿಯುತ್ತದೆ, ಆದರೆ ಬೇರು ತಂಪಾಗಿರುತ್ತದೆ. ಇಲ್ಲಿ ಒಂದಿಷ್ಟು ನೀರು ಹೆಚ್ಚಾದರೂ ನಾನು ಮಣ್ಣಿನ ಕುಂಡದ ಕಡೆಗೇ. ಕುಂಡಕ್ಕೆ ಎರೆ ಮಣ್ಣು ಮಾತ್ರ ಬೇಡ. ಮಸಾರಿ, ಜರಡಿ ಹಿಡಿದ ಗರಸು ಸಮ ಸಮ, ಅರ್ಧ ಪಾಲು ಗೊಬ್ಬರ ಸಾಕು.

ಅಡೇನಿಯಂ ಇಲ್ಲಿನ ರಾಜ. ದಪ್ಪ ಬುಡದಲ್ಲಿ ನೀರು ಕೂಡಿಟ್ಟುಕೊಂಡು ಬಿಸಿಲಲ್ಲೇ ಹೂ ಬಿಡುತ್ತದೆ. ಬುಡ ಮೆತ್ತಗಾದರೆ ಎಲ್ಲರೂ ಗಾಬರಿಯಾಗಿ ನೀರು ಸುರಿಯುತ್ತಾರೆ. ಮೊದಲು ಬೆರಳಿಂದ ಒತ್ತಿ, ಮಣ್ಣು ಮುಟ್ಟಿ ನೋಡಿ. ಬೇಸಿಗೆ, ಮಣ್ಣು ಒಣ, ಬುಡ ಎಲ್ಲ ಕಡೆ ಒಂದೇ ಸಮ ಸೊರಗಿದೆ ಎಂದರೆ ಬಾಯಾರಿಕೆ, ನೀರು ಕೊಡಿ. ಮಳೆಗಾಲ, ಮಣ್ಣು ಹಸಿ, ಬುಡದ ಒಂದು ಕಡೆ ಮಾತ್ರ ತಗ್ಗುತ್ತಿದೆ, ಬಣ್ಣ ಕಂದಾಗಿದೆ ಎಂದರೆ ಕೊಳೆ. ಆಗ ನೀರು ಕೊಟ್ಟರೆ ಮುಗಿಯಿತು. ಕಿತ್ತು, ಕೊಳೆತ ಭಾಗ ಗಟ್ಟಿ ತಿರುಳು ಸಿಗುವವರೆಗೆ ಕೊಯ್ದು, ನೆರಳಲ್ಲಿ ವಾರ ಒಣಗಿಸಿ ಮತ್ತೆ ನೆಡಿ. ಸೆಪ್ಟೆಂಬರ್ ಮಳೆಗೆ ಕುಂಡವನ್ನು ಸಜ್ಜದ ಕೆಳಗೆ ಸರಿಸಿದರೆ ಈ ಕಷ್ಟವೇ ಇಲ್ಲ.

ಕ್ರಿಸ್ತನ ಮುಳ್ಳು ಎಂದು ಕರೆಯುವ ಯೂಫೋರ್ಬಿಯಾ ಅಡೇನಿಯಂಗಿಂತ ಅಗ್ಗ, ಹೂ ವರ್ಷವಿಡೀ. ಮುಳ್ಳು ಮತ್ತು ಹಾಲು ಎರಡೂ ಇವೆ, ಕೈಗವಸು ಬೇಕು. ಅಡೇನಿಯಂನ ಹಾಲೂ ವಿಷವೇ. ನೆರಳು ಬೀಳುವ ಮೆಟ್ಟಿಲ ಬದಿಗೆ ಸ್ನೇಕ್ ಪ್ಲಾಂಟ್. ಲೋಳೆಸರವನ್ನು ಮಾತ್ರ ಮಾಳಿಗೆಯ ಪೂರ್ತಿ ಬಿಸಿಲಿಗೆ ಇಡಬೇಡಿ, ಎಲೆ ಕೆಂಪಾಗಿ ಸೊರಗುತ್ತದೆ.

ಯಾವ ನೀರು ಯಾವ ಗಿಡಕ್ಕೆ

ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುತ್ತೇವೆ ಎಂದು ಎಷ್ಟೋ ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ಒಳ್ಳೆಯ ಮನಸ್ಸು, ಆದರೆ ಆ ನೀರಲ್ಲಿ ಉಪ್ಪು ಮೊದಲಿಗಿಂತ ಜಾಸ್ತಿ. ಕಣಗಿಲೆ, ಟೇಬಲ್ ರೋಸ್ ತಡೆದುಕೊಳ್ಳುತ್ತವೆ. ಗುಲಾಬಿ, ಕೇಪಳಕ್ಕೆ ಹಾಕಬಾರದು. ಕೂಲರ್‌ನ ತಳದಲ್ಲಿ ಉಳಿದ ನೀರು ಇನ್ನೂ ಕೆಟ್ಟದ್ದು. ನೀರೆಲ್ಲ ಆವಿಯಾಗಿ ಉಪ್ಪೆಲ್ಲ ತಳಕ್ಕೆ ಸೇರಿರುತ್ತದೆ, ಕೂಲರ್‌ನ ಹುಲ್ಲಿನ ಮೇಲೆ ಕಟ್ಟುವ ಬಿಳಿ ಪೊರೆಯೇ ಸಾಕ್ಷಿ. ಅದನ್ನು ಯಾವ ಗಿಡಕ್ಕೂ ಹಾಕಬೇಡಿ, ಅಂಗಳ ತೊಳೆಯಿರಿ. ಎಸಿಯ ನೀರು ಮಾತ್ರ ಉಪ್ಪಿಲ್ಲದ್ದು, ಅದು ಕುಂಡದ ಮುದ್ದಿನ ಗಿಡಕ್ಕೆ ಮೀಸಲು. ಬಟ್ಟೆ ಜಾಲಿಸಿದ ಕೊನೆಯ ನೀರು ಕಂಪೌಂಡಿನ ಗಿಡಗಳಿಗೆ ಆಗುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ಸಾವಿರ ಚದರಡಿ ಮಾಳಿಗೆಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದು, ಐದರಲ್ಲಿ ನಾಲ್ಕು ಪಾಲು ಹಿಡಿದರೂ ವರ್ಷಕ್ಕೆ 44,000 ಲೀಟರ್ ದಾಟುತ್ತದೆ. ತೊರವಿಯಿಂದ ನೆಲದೊಳಗೆ ಕಾಲುವೆ ಕಟ್ಟಿ ನೀರು ತಂದ ಊರು ಇದು, 1620ರಲ್ಲಿ ಕಟ್ಟಿದ ದೊಡ್ಡ ಬಾವಿ ತಾಜ್ ಬಾವಡಿ ಇನ್ನೂ ನಿಂತಿದೆ. ನಮ್ಮ ಮಾಳಿಗೆಯ ನೀರು ಸುಮ್ನೆ ಚರಂಡಿಗೆ ಹೋಗುವುದನ್ನು ನೋಡಲು ಆಗುವುದಿಲ್ಲ.

ಈ ನೀರಿನ ಬಲ ಇದ್ದರೆ ಒಂದು ಮುದ್ದಿನ ಮೂಲೆ ಇಟ್ಟುಕೊಳ್ಳಿ. ಅಲ್ಲಿ ಗುಲಾಬಿಗಿಂತ ದುಂಡು ಮಲ್ಲಿಗೆ ಮೇಲು. ಗುಲಾಬಿ ಬೇಸಿಗೆಯಲ್ಲಿ ಸಣ್ಣ ಹೂ ಬಿಟ್ಟು ಸುಸ್ತಾಗುತ್ತದೆ. ಮಲ್ಲಿಗೆಗೆ ಬೇಸಿಗೆಯೇ ಸುಗ್ಗಿ. ಮೊಗ್ಗು ಬರುವ ಕಾಲಕ್ಕೆ ವಾರಕ್ಕೆರಡು ಸಲ ನೀರು, ಉಳಿದಂತೆ ತಂಟೆ ಇಲ್ಲ.

ತರುವಾಗ, ನೆಡುವಾಗ

ಬರ ತಡೆಯುವ ಗಿಡವೂ ಮೊದಲ ಬೇಸಿಗೆಯಲ್ಲಿ ಬರ ತಡೆಯುವುದಿಲ್ಲ. ಬೇರು ಇಳಿಯುವವರೆಗೆ ನೀರು ಕೊಡಲೇಬೇಕು. ಮೊದಲ ಎರಡು ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ. ದಿನಾ ಒಂದು ತಂಬಿಗೆ ಹಾಕುವ ಬದಲು ಒಮ್ಮೆಲೇ ಎರಡು ಬಕೀಟು ನಿಧಾನಕ್ಕೆ ಇಳಿಸಿ, ಬೇರು ನೀರನ್ನು ಹಿಂಬಾಲಿಸಿ ಆಳಕ್ಕೆ ಹೋಗುತ್ತದೆ. ಬುಡಕ್ಕೆ ಕಬ್ಬಿನ ರವದಿ (ಒಣ ಗರಿ) ಅಥವಾ ತೊಗರಿ ಹೊಟ್ಟು ಮೂರು ಬೆರಳು ದಪ್ಪ ಹಾಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಗೆದ್ದಲು ಇರುವ ಜಾಗದಲ್ಲಿ ರವದಿಯ ಬದಲು ಜಲ್ಲಿ ಕಲ್ಲು.

ನೆಡಲು ಒಳ್ಳೆಯ ಕಾಲ ಜೂನ್ ತಿಂಗಳ ಮೃಗಶಿರಾ-ಆರಿದ್ರಾ ಮಳೆ. ಸೆಪ್ಟೆಂಬರಿನ ಹೊತ್ತಿಗೆ ಬೇರು ಹಿಡಿದಿರುತ್ತದೆ. ಅಡೇನಿಯಂ, ದೇವಕಣಗಿಲೆ ಮಾತ್ರ ಫೆಬ್ರುವರಿ-ಮಾರ್ಚ್‌ನಲ್ಲಿ ನೆಟ್ಟರೆ ಮೇಲು, ಅವಕ್ಕೆ ಮಳೆಯ ಸಹಾಯ ಬೇಡ.

ನರ್ಸರಿಯಲ್ಲಿ ಎತ್ತರದ, ಹೂ ತುಂಬಿದ ಗಿಡಕ್ಕೆ ಮನಸೋಲಬೇಡಿ. ಚೀಲದ ತಳ ನೋಡಿ. ಬೇರು ಹೊರಬಂದು ಸುತ್ತಿಕೊಂಡಿದ್ದರೆ ಅದು ಬಹಳ ದಿನ ಚೀಲದಲ್ಲೇ ಇದ್ದ ಗಿಡ, ನೆಟ್ಟ ಮೇಲೂ ಬೇರು ಸುತ್ತುತ್ತಲೇ ಇರುತ್ತದೆ. ಮೊಣಕಾಲೆತ್ತರದ, ದಪ್ಪ ಕಾಂಡದ ಗಿಡ ಎರಡೇ ವರ್ಷದಲ್ಲಿ ಅದನ್ನು ಹಿಂದೆ ಹಾಕುತ್ತದೆ. ಎಲ್ಲಿಂದ ಬಂದದ್ದು ಎಂದೂ ಕೇಳಿ. ನಮ್ಮ ಕಡೆಗೆ ಆಂಧ್ರದ ಕಡಿಯಂನಿಂದ ಲಾರಿಗಟ್ಟಲೆ ಗಿಡ ಬರುತ್ತವೆ. ಗೋದಾವರಿಯ ಸಿಹಿ ನೀರು, ಹಸಿ ಗಾಳಿಯಲ್ಲಿ ಬೆಳೆದ ಗಿಡವನ್ನು ತಂದ ದಿನವೇ ನಮ್ಮ ಬಿಸಿಲಿಗೆ ಒಡ್ಡಬಾರದು. ಎರಡು ವಾರ ಗಿಡದ ನೆರಳಲ್ಲಿ ಇಟ್ಟು, ದಿನ ದಿನ ಬಿಸಿಲಿಗೆ ಸರಿಸುತ್ತಾ ಬನ್ನಿ. ಹೊಸ ಚಿಗುರು ಕಂಡ ಮೇಲೆ ನೆಲಕ್ಕೆ ಇಳಿಸಿ.